ಲಂಗದ ಒಳಮಡಿಕೆ

ಕಸ್ತೂರಿಯ ಅಪ್ಪ ಆಸೆಪಟ್ಟು ಮಗಳಿಗೆ ಥಳಥಳ ಮಿಂಚುವ ಫ್ರಾಕು ತಂದ. ಕೈಯಲ್ಲಿ ಉಳಿದ ಚೂರುಪಾರು ದುಡ್ಡಿಗೆ ಅವ್ವ ದಪ್ಪ ನೂಲಿನ ಬಟ್ಟೆ ಕೊಂಡು ಲಂಗ ಹೊಲಿಯಲು ಕೊಟ್ಟಳು. "ಕೆಳಗಡೆ ಎರಡು ಮಡಿಕೆ ಒಳಗೆ ಬಿಡಣ್ಣಾ, ಹುಡುಗಿ ಬೆಳೀತಾಳೆ" ಎಂದು ದರ್ಜಿಗೆ ಒತ್ತಿ ಹೇಳಿದಳು.

ಪೆಟ್ಟಿಗೆಯೊಳಗೆ ಫ್ರಾಕು ನಕ್ಕಿತು. "ಏನಮ್ಮಾ ಲಂಗ, ಇಷ್ಟೊಂದು ಬಟ್ಟೆಯನ್ನು ಒಳಗೇ ಬಚ್ಚಿಟ್ಟುಕೊಂಡಿದ್ದೀಯ! ನನ್ನದು ನೋಡು, ಇರುವುದೆಲ್ಲ ಹೊರಗೇ ಇದೆ."

"ನೀನು ಇವತ್ತಿನ ಕಸ್ತೂರಿಗೆ ಬಂದವಳು. ನಾನು ಬೆಳೆಯುವ ಕಸ್ತೂರಿಗೆ ಬಂದವಳು" ಎಂದಿತು ಲಂಗ.

ಮಳೆಗಾಲ ಮುಗಿಯುವಷ್ಟರಲ್ಲಿ ಫ್ರಾಕಿನ ಮಿಂಚು ಒಗೆಯುವ ಕಲ್ಲಿನ ಪಾಲಾಯಿತು. ಕಂಕುಳಲ್ಲಿ ಹೊಲಿಗೆ ಬಿಟ್ಟಿತು. ಅವ್ವ ಅದನ್ನು ಹರಿದು ಒಲೆಯ ಪಕ್ಕದ ಮಸಿಬಟ್ಟೆ ಮಾಡಿಕೊಂಡಳು. ಲಂಗದ ಮಡಿಕೆಯನ್ನು ಮಾತ್ರ ವರ್ಷಕ್ಕೊಂದರಂತೆ ಬಿಚ್ಚಿ ಇಳಿಸಿದಳು.

ಎರಡನೆಯ ಮಡಿಕೆಯೂ ಇಳಿದ ಮೇಲೆ, ಒಲೆಯ ಮೇಲಿನ ಹಗ್ಗದಲ್ಲಿ ಒಣಗುತ್ತಿದ್ದ ಲಂಗವನ್ನು ಮಸಿಬಟ್ಟೆ ಕೆಣಕಿತು. "ಬಣ್ಣ ಮಾಸಿದೆ. ಹಳೇ ಮಡಿಕೆಯ ಗೆರೆಗಳು ಎದ್ದು ಕಾಣುತ್ತಿವೆ. ನೋಡಿದವರು ಏನಂದಾರು?"

"ಹುಡುಗಿ ಬೆಳೆದಳು ಅಂದಾರು."

"ಇನ್ನು ಬಿಚ್ಚಲು ಮಡಿಕೆಯೇ ಇಲ್ಲವಲ್ಲ! ಬರುವ ವರ್ಷ ನೀನೂ ಇಲ್ಲಿಗೇ ಬರಬೇಕು. ಈಗಲೇ ಸರಿದು ಜಾಗ ಬಿಡಲೇ?"

"ಬೇಡ. ಬರುವ ವರ್ಷ ಎರಡೂ ಮಡಿಕೆಯನ್ನು ಮತ್ತೆ ಹಾಕಿಸಿಕೊಳ್ಳುತ್ತೇನೆ" ಎಂದಿತು ಲಂಗ. "ಕಸ್ತೂರಿಗೆ ತಂಗಿ ಇದ್ದಾಳೆ."