ಗುಡ್ಡದ ಧಣಿಯ ಆರು ಚೀಟಿ

ಮಡಕೆಗೆ ಹಾಕುವ ಮೊದಲೇ ಆರು ಚೀಟಿಗಳನ್ನು ಚಿರತೆಗೆ ಕೊಟ್ಟಿದ್ದು ಅನ್ಯಾಯ. ಆ ವರ್ಷ ಕಾಡಿನಲ್ಲಿ ಎಂಟು ಕಡವೆಗಳನ್ನು ಮಾತ್ರ ಬೇಟೆಯಾಡಬಹುದಿತ್ತು, ಒಂದು ಬೇಟೆಗೆ ಒಂದು ಚೀಟಿ. ಹಂಚುವ ಆನೆ ಉಳಿದೆರಡನ್ನು ಖಾಲಿ ಚೀಟಿಗಳಿದ್ದ ಮಡಕೆಗೆ ಹಾಕಿ, "ಇನ್ನು ಎಲ್ಲರೂ ಎತ್ತಿ" ಎಂದಿತು.

ಎರಡು ವರ್ಷದಿಂದ ಚೀಟಿ ಸಿಗದ ತೋಳವ್ವ ಎದ್ದು ನಿಂತಳು. ಅವಳ ಮೂರು ಮರಿಗಳೂ ಹಸಿದಿದ್ದವು.

"ಧಣಿಗಳಿಗೆ ಆರು ಯಾಕೆ?"

"ಗುಡ್ಡ ನನ್ನದು. ಅದರ ಹುಲ್ಲು ತಿಂದ ಕಡವೆಯೂ ನನ್ನದೇ" ಎಂದಿತು ಚಿರತೆ.

"ನಿಮ್ಮದಾದರೆ ಒಮ್ಮೆ ಕರೆಯಿರಿ, ಬರಲಿ."

ಚಿರತೆ ಗತ್ತಿನಿಂದ ಕರೆಯಿತು. ದನಿ ಕೇಳಿದ್ದೇ ತಡ, ಗುಡ್ಡದ ಕಡವೆಗಳೆಲ್ಲ ಹಳ್ಳ ದಾಟಿ ತೋಳವ್ವನ ಕುರುಚಲು ಕಾಡಿಗೆ ನುಗ್ಗಿದವು.

"ಈಗ ಅವು ನಿನ್ನವೇನವ್ವ?" ಆನೆ ಕೇಳಿತು.

"ಇಲ್ಲಪ್ಪ. ನಾನು ಕರೆದರೂ ಓಡುತ್ತವೆ. ಅದಕ್ಕೇ ಅಲ್ಲವೇ ಮಡಕೆ ಇಟ್ಟಿರುವುದು?"

ಆನೆ ಆರನ್ನೂ ಮಡಕೆಗೆ ಸುರಿದು ಕುಲುಕಿತು. ಚಿರತೆ ಸಾಲಿನಲ್ಲಿ ನಿಂತಿತು. ತೋಳವ್ವನಿಗೆ ಒಂದು ಬೇಟೆ ಚೀಟಿ ಸಿಕ್ಕಿತು. ಎರಡು ವರ್ಷದ ನಂತರ ಅವಳು ನಿರಾಳವಾಗಿ ಉಸಿರು ಬಿಟ್ಟಳು.

ನಿಮ್ಮೂರಲ್ಲಿ ಹಂಚಿಕೆ ನಡೆದಾಗ ಸುಮ್ಮನೆ ಕೈ ಹಾಕಬೇಡಿ. ಮಡಕೆಯೊಳಗೆ ಎಷ್ಟಿವೆ, ಹೊರಗೆ ಎಷ್ಟು ಹೋದವು ಎಂದು ಮೊದಲು ಎದ್ದು ಕೇಳಿ.