ಅರಮನೆಯ ಬಲತುದಿಯ ಕಿಟಕಿ

ಜರ್ಮನಿಯ ಒಂದು ಪುಟ್ಟ ಸಂಸ್ಥಾನದ ದೊರೆ ಹೊಸ ಅರಮನೆ ಕಟ್ಟಿಸಿದ. ಎಡಕ್ಕೆಷ್ಟು ಕಿಟಕಿಯೋ ಬಲಕ್ಕೂ ಅಷ್ಟೇ ಕಾಣಬೇಕೆಂದು ಅವನ ಹಟ. ಬಲತುದಿಯಲ್ಲಿ ಇದ್ದದ್ದು ಆಳಿನ ಕೋಣೆ. ಅದಕ್ಕೆ ಗಾಜು ದಂಡವೆಂದು ಹೊರಗೋಡೆಯ ಮೇಲೆ ಕಿಟಕಿಯ ಚಿತ್ರ ಬರೆಸಿದ.

ಒಳಗಿದ್ದವನು ಅಗ್ಗಿಷ್ಟಿಕೆಗಳಿಗೆ ಬೆಂಕಿ ಹಾಕುವ ಆಳು. ಆ ಕತ್ತಲು, ಆ ತೇವದಲ್ಲಿ ಅವನ ಹೆಂಡತಿ ಊರ್ಸುಲ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಳು. ಅವನು ದೊರೆಯ ಮುಂದೆ ಕೈಮುಗಿದು ಒಂದು ಕಿಟಕಿ ಬೇಡಿದ.

“ಇದೆಯಲ್ಲೋ! ಹೊರಗೆ ನಿಂತು ನೋಡು, ನಿಜವಾದದ್ದಕ್ಕಿಂತ ಚೆಂದ. ನಾಳೆ ನೆಂಟರು ಬರ್ತಾರೆ, ಸಭಾಂಗಣ ಬೆಚ್ಚಗಿರಲಿ. ಹೋಗು.”

ಮರುದಿನ ನೆಂಟರು ಗಡಗಡ ನಡುಗಿದರು. ಅಗ್ಗಿಷ್ಟಿಕೆಯಲ್ಲಿ ಒಂದು ತುಂಡು ಕಟ್ಟಿಗೆಯೂ ಇರಲಿಲ್ಲ. ಕೆಮ್ಮಣ್ಣಿನಲ್ಲಿ ಜ್ವಾಲೆ ಬರೆದ ಒಂದು ಹಲಗೆ ನಿಂತಿತ್ತು.

“ಬೆಂಕಿ ಎಲ್ಲೋ?” ದೊರೆ ಗುಡುಗಿದ.

“ಇದೆಯಲ್ಲ ಮಹಾಪ್ರಭು! ದೂರ ನಿಂತು ನೋಡಿ, ನಿಜವಾದದ್ದಕ್ಕಿಂತ ಚೆಂದ.”

ದೊರೆ ಹುಬ್ಬು ಗಂಟಿಕ್ಕಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. “ಭಲೇ! ಇವನಿಗೆ ಇನಾಮು ಕೊಡಲೇಬೇಕು!” ಅಂದ. ಗೋಡೆ ಒಡೆಸುತ್ತಾನೆ ಅಂದುಕೊಂಡು ಆಳಿಗೆ ಹೋದ ಜೀವ ಬಂತು.

ಸಂಜೆ ಇನಾಮು ಬಂತು. ಅದೇ ಹಲಗೆ. ಚಳಿಗೆ ಇರಲಿ ಅಂತ ಊರ್ಸುಲಳ ಹಾಸಿಗೆಯ ಪಕ್ಕ ನಿಲ್ಲಿಸಿ ಹೋದರು.

“ಏನ್ರೀ ಅದು?” ಅಂದಳು ಅವಳು.

ಆ ಕತ್ತಲಲ್ಲಿ ಬೆಂಕಿಯ ಬಣ್ಣವೂ ಕಾಣುತ್ತಿರಲಿಲ್ಲ.