ಒಬ್ಬಾಕಿ ದಿಬ್ಬ

ಲಿಂಗಸುಗೂರಿನಿಂದ ಪಡುವಣಕ್ಕೆ ಹೋಗುವ ದಾರಿಯಲ್ಲಿ ಬೂದನಹಾಳ ಎಂಬ ಸಣ್ಣ ಊರಿದೆ. ಬಸ್ಸು ಅಲ್ಲಿ ನಿಲ್ಲುವುದು ಡ್ರೈವರನ ಮನಸ್ಸಿದ್ದರೆ ಮಾತ್ರ. ಇಳಿದು ಜಾಲಿಗಿಡಗಳ ನಡುವೆ ಕಾಲು ಗಂಟೆ ನಡೆದರೆ, ಕೆಂಪು ಹೊಲಗಳ ಮಧ್ಯೆ ಬೂದುಬಣ್ಣದ ದಿಬ್ಬವೊಂದು ಎದ್ದು ನಿಂತಿದೆ. ಎರಡಾಳು ಎತ್ತರ. ಅದರ ಮೇಲೆ ಹುಲ್ಲು ಹತ್ತುವುದಿಲ್ಲ. ಕಾಲಿಟ್ಟರೆ ಮೆತ್ತಗೆ ಕುಸಿಯುತ್ತದೆ, ಅಲ್ಲಲ್ಲಿ ಕುಲುಮೆಯ ಕಿಟ್ಟದಂಥ ಹೆಂಟೆಗಳು ಅಂಗಾಲಿಗೆ ಚುಚ್ಚುತ್ತವೆ. ಸುತ್ತಲಿನ ಊರುಗಳಲ್ಲಿ ಇಂಥ ದಿಬ್ಬಗಳನ್ನು ರಾಕ್ಷಸನ ಬೂದಿ ಎನ್ನುತ್ತಾರೆ. ಬೂದನಹಾಳದವರು ಮಾತ್ರ ಇದನ್ನು ಒಬ್ಬಾಕಿ ದಿಬ್ಬ ಎನ್ನುತ್ತಾರೆ. ಈ ಊರಲ್ಲಿ ಮನೆಯೊಳಗೆ ಒಬ್ಬಳೇ ಉಳಿದ ಹೆಣ್ಣು ಒಂದು ಕುಳ್ಳು, ಎಂದರೆ ಸಗಣಿಯ ಬೆರಣಿ, ಒಯ್ದು ದಿಬ್ಬದ ಮೇಲಿಟ್ಟು ಬೆಂಕಿ ಹಚ್ಚಿ, ಅದು ಉರಿದು ತಣ್ಣಗಾಗುವವರೆಗೆ ಕೂತು ಬರಬೇಕು. ಜೊತೆಗೆ ಯಾರೂ ಹೋಗುವಂತಿಲ್ಲ.

ಹಿಂದೆ ಒಮ್ಮೆ, ನೇಗಿಲು ಇನ್ನೂ ಹುಟ್ಟಿರದ ಕಾಲದಲ್ಲಿ, ಇಲ್ಲಿ ಊರೇ ಇರಲಿಲ್ಲ. ದನದ ಜನ ಮಳೆ ಮುಗಿದ ಮೇಲೆ ಬಂದು, ಮುಳ್ಳಿನ ದೊಡ್ಡಿ ಕಟ್ಟಿ, ಹುಲ್ಲು ತೀರುವವರೆಗೆ ಇರುತ್ತಿದ್ದರು. ಹೊರಡುವ ದಿನ ದೊಡ್ಡಿಯ ಸಗಣಿಯನ್ನೆಲ್ಲ ಗುಡ್ಡೆ ಹಾಕಿ ಬೆಂಕಿ ಕೊಡುವುದು ಅವರ ಪದ್ಧತಿ, ದನದ ರೋಗ ಅಲ್ಲೇ ಸುಟ್ಟುಹೋಗಲಿ ಎಂದು. ಬೆಂಕಿ ಕೊಟ್ಟ ನೆಲಕ್ಕೆ ಮುಂದಿನ ಮಳೆಯವರೆಗೆ ಯಾರೂ ಮರಳುವಂತಿರಲಿಲ್ಲ. ಆ ಜನ ಹೊರಡುವಾಗ ಮನುಷ್ಯರ ಮುಖ ನೋಡುತ್ತಿರಲಿಲ್ಲ, ದನ ನೋಡುತ್ತಿದ್ದರು. ತಲೆಗೊಂದು ಹಸು. ಹಸು ಹಿಂಡಿನಲ್ಲಿದ್ದರೆ ಅದರ ಒಡತಿಯೂ ಹಿಂದೆ ಎಲ್ಲೋ ಬರುತ್ತಿದ್ದಾಳೆ ಎಂದೇ ತಿಳಿಯುತ್ತಿದ್ದರು. ದೂರದ ಸೀಮೆಯಿಂದ ಮದುವೆಯಾಗಿ ಬಂದವಳೊಬ್ಬಳು ತಪ್ಪಿಸಿಕೊಂಡ ಕರುವನ್ನು ಹುಡುಕುತ್ತ ಗುಡ್ಡ ಹತ್ತಿದಳು, ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಳು. ಅವಳ ಹಸು ಹಿಂಡಿನ ಜೊತೆ ಹೋಯಿತು. ಗಂಡ ಆ ವರ್ಷವೇ ಸತ್ತಿದ್ದ. ಅವಳೆಲ್ಲಿ ಎಂದು ಕೇಳುವ ತವರಿನ ಬಾಯಿ ಆ ಗುಂಪಿನಲ್ಲಿ ಒಂದೂ ಇರಲಿಲ್ಲ. ತೆವಳಿಕೊಂಡು ಇಳಿದು ಬರುವ ಹೊತ್ತಿಗೆ ದೊಡ್ಡಿ ಧಗಧಗ ಉರಿಯುತ್ತಿತ್ತು. ಹೊಗೆ ಕಂಡರೆ ಬಂದಾರು ಎಂದು ಆ ಬೆಂಕಿಯನ್ನು ಅವಳು ಆರಗೊಡಲಿಲ್ಲ. ಹೊಗೆ ಅವರಿಗೆ ಕಂಡಿತಂತೆ. ದೊಡ್ಡಿ ಚೆನ್ನಾಗಿ ಉರಿಯುತ್ತಿದೆ ಎಂದು ಸಮಾಧಾನಪಟ್ಟು ಮುಂದೆ ನಡೆದರಂತೆ. ಮುಂದಿನ ವರ್ಷ ಮಳೆ ಬೇರೆ ಕಡೆ ಬಿತ್ತು, ದನವೂ ಜನವೂ ಅತ್ತಲೇ ಹೋದರು. ಅವಳು ಒಬ್ಬಳೇ ಬದುಕಿ, ಮುದುಕಿಯಾಗಿ, ಇಲ್ಲೇ ಸತ್ತಳು ಎನ್ನುತ್ತಾರೆ.

ಊರಲ್ಲಿ ಈ ಕಥೆ ಹೇಳುವವಳು ಹುಲಿಗೆವ್ವ. ಅವಳಿಗದು ಅತ್ತೆ ದ್ಯಾಮವ್ವನಿಂದ ಬಂದದ್ದು. ಮದುವೆಯಾದ ಎರಡನೆಯ ವರ್ಷ ಗೋವಾ ಕಡೆ ದುಡಿಯಲು ಹೋದ ಗಂಡ ಮರಳಿ ಬರಲಿಲ್ಲ. ತವರಿನವರು ಬಾ ಎಂದು ಕರೆದರೂ ಹುಲಿಗೆವ್ವ ಹೋಗಲಿಲ್ಲ. ಅತ್ತೆ ಸೊಸೆ ಬೈದಾಡಿಕೊಂಡು, ಒಂದೇ ಗಂಗಾಳದಲ್ಲಿ ಉಂಡುಕೊಂಡು ಹತ್ತೊಂಬತ್ತು ವರ್ಷ ಕಳೆದರು. ಆಮೇಲೆ ದ್ಯಾಮವ್ವ ಸತ್ತಳು. ಹುಲಿಗೆವ್ವ ಕುಳ್ಳು ಹಚ್ಚಿ ದಿಬ್ಬದ ಮೇಲೆ ಕೂತು ಬಂದಳು. ಅಂದಿನಿಂದ ಒಲೆಯ ಮುಂದೆ ಒಬ್ಬಳಿಗೇ ರೊಟ್ಟಿ ಬಡಿಯುವಾಗೆಲ್ಲ, ಆಕಿ ಇದ್ದಳು, ನಾನೂ ಇರತೀನಿ ಎಂದುಕೊಳ್ಳುತ್ತ ಮೂವತ್ತು ವರ್ಷ ದೂಡಿದಳು.

ಮೂರು ಬೇಸಿಗೆಯ ಹಿಂದೆ ದಿಬ್ಬ ಅಗೆಯುವವರು ಬಂದರು. ಅವರ ಮುಖ್ಯಸ್ಥೆ ಕಟ್ಟಿಮನಿ ಮೇಡಂ ಊರವರ ಹತ್ತಿರ ಸಲೀಸಾಗಿ ಮಾತಾಡುವ ಹೆಂಗಸು. ಬೂದಿಯ ಅಡಿ ಗೊರಸಿನ ಗುರುತು ಸಿಕ್ಕವು, ಮುಳ್ಳುಬೇಲಿಯ ಗೂಟದ ಕುಳಿ ಸಿಕ್ಕವು, ಕೊನೆಗೆ ಎರಡು ಎಲುಬುಗೂಡು ಸಿಕ್ಕವು. ಕಿವಿಯ ಒಳಗಿನ ಗಟ್ಟಿ ಎಲುಬನ್ನೂ ಒಂದೆರಡು ಹಲ್ಲನ್ನೂ ಪರೀಕ್ಷೆಗೆ ಒಯ್ದರು. ವರ್ಷ ಬಿಟ್ಟು ಮೇಡಂ ಮತ್ತೆ ಬಂದಾಗ ಹೇಳಿದ್ದಿಷ್ಟು: ಇಬ್ಬರೂ ಹೆಂಗಸರು. ಒಬ್ಬಳು ನಾಲ್ಕು ಸಾವಿರ ವರ್ಷದ ಹಿಂದಿನ ದನಗಾಹಿಗಳ ವಂಶದವಳು, ಹಲ್ಲು ನೋಡಿದರೆ ದೂರದ ನೀರು ಕುಡಿದು ಬೆಳೆದವಳು. ಅವಳ ತೊಡೆಯ ಎಲುಬು ಮುರಿದು ಕೂಡಿಕೊಂಡಿದೆ. ಇನ್ನೊಬ್ಬಳು ಗುಡ್ಡದ ಬೇಟೆಗಾರರ ಪೈಕಿ, ಇವಳಿಗಿಂತ ಹಿರಿಯಳು. ಇಬ್ಬರಿಗೂ ರಕ್ತಸಂಬಂಧ ಎಳ್ಳಷ್ಟೂ ಇಲ್ಲ. ತೊಡೆ ಮುರಿದವರು ತಿಂಗಳುಗಟ್ಟಲೆ ಏಳಲಾರರು, ಆದ್ದರಿಂದ ಆ ಹಿರಿಯಳೇ ನೀರು ತಂದು, ಉಣಿಸಿ ಉಳಿಸಿರಬೇಕು ಎಂದರು.

ಊರಿಗೆ ಇದು ನಗುವ ಸಂಗತಿಯಾಯಿತು. ಪಂಚಾಯತಿ ಮೆಂಬರ ಶರಭಣ್ಣ ಕಟ್ಟೆಯ ಮೇಲೆ ಕೂತು, ಹುಲಿಗೆವ್ವ ಇಷ್ಟು ವರ್ಷ ಊರಿಗೇ ಟೊಪ್ಪಿಗಿ ಹಾಕಿದಳು, ಇನ್ನು ಮುಂದೆ ಇಬ್ಬರ ದಿಬ್ಬ ಅನ್ನೋಣ, ಮೇಡಂ ದಿಬ್ಬದ ಮೇಲೆ ಹಾಕಿಸುವ ಹೊಸ ಬೋರ್ಡಿನ ಮೇಲೂ ಹಂಗೇ ಬರೆಸೋಣ ಎಂದ. ಹುಲಿಗೆವ್ವನಿಗೆ ನಗು ಬರಲಿಲ್ಲ. ಅವಳಿಗೆ ಎರಡು ದಿನ ರೊಟ್ಟಿ ಸೇರಲಿಲ್ಲ. ಇಷ್ಟು ವರ್ಷ ತನ್ನ ಜೊತೆಗಿದ್ದ ದಿಬ್ಬದವಳು ಈಗ ಜೊತೆಗಾತಿಯನ್ನು ಕಟ್ಟಿಕೊಂಡು ದೂರ ಹೋದಂತಾಯಿತು. ಮೂರನೆಯ ದಿನ ದಿಬ್ಬಕ್ಕೆ ನಡೆದಳು. ಬಣ್ಣದವನು ಬೋರ್ಡು ನಿಲ್ಲಿಸಿಕೊಂಡು, ಏನು ಬರೆಯಲಿ ಎಂದು ಮೇಡಂನ ಮುಖ ನೋಡುತ್ತಿದ್ದ.

"ಮುದುಕಿನ್ನ ಹೆಂಗ ಮಲಗಿಸಿದ್ರು?" ಎಂದು ಹುಲಿಗೆವ್ವ ಕೇಳಿದಳು.

"ಭಾಳ ಚಂದ ಮಲಗಿಸ್ಯಾರ, ಯವ್ವಾ. ಕುಣಿ ತೋಡಿ, ತಲೆದೆಸೆಗೆ ಗಡಿಗಿ ಇಟ್ಟು, ಮ್ಯಾಲ ಕಲ್ಲು ಹೊಂದಿಸ್ಯಾರ."

"ಮತ್ತ ಕಾಲು ಮುರದಾಕಿನ್ನ?"

ಮೇಡಂ ಅಗೆದ ಗುಂಡಿಯ ಒಂದು ಮಗ್ಗುಲಿಗೆ ಕೈ ತೋರಿದರು. "ಆಕಿಗೆ ಕುಣಿ ಇಲ್ಲ. ಮುದುಕಿ ಕಲ್ಲಿನ ಬಾಜೂಕ ಮಗ್ಗಲಾಗಿ ಬಿದ್ದಿದ್ಲು. ಗಾಳಿಗೆ ಬೂದಿ ಬಂದು ತಾನೇ ಮುಚ್ಚೈತಿ."

"ಅಂದ್ರ ಮಣ್ಣು ಕೊಟ್ಟವರು?"

"ಯಾರೂ ಇಲ್ಲ, ಯವ್ವಾ."

ಹುಲಿಗೆವ್ವ ಬಣ್ಣದವನ ಕಡೆ ತಿರುಗಿದಳು. "ಹೆಸರು ಇದ್ದಂಗ ಬರಿ, ತಮ್ಮಾ," ಎಂದಳು.

ಆಮೇಲೆ ದಿಬ್ಬ ಇಳಿದು, ಪಕ್ಕದ ಹೊಲದಿಂದ ಸೆರಗಿನಲ್ಲಿ ಮಣ್ಣು ಕಟ್ಟಿಕೊಂಡು ಬಂದಳು. ಎಲುಬುಗಳು ಆಗಲೇ ಪಟ್ಟಣ ಸೇರಿದ್ದವು, ಅವು ಬಿದ್ದಿದ್ದ ಜಾಗವಷ್ಟೇ ಇತ್ತು. ಸತ್ತವರಿಗೆ ಕೊಡುವಂತೆ ಅಲ್ಲಿಗೆ ಮೂರು ಹಿಡಿ ಮಣ್ಣು ಹಾಕಿ, ಸೆರಗು ಝಾಡಿಸಿಕೊಂಡು ಮನೆಗೆ ಹೋದಳು.

ಈಗ ಹೋದವರಿಗೆ ಅಗೆದ ಗುಂಡಿಗಳು ಕಾಣುವುದಿಲ್ಲ, ಅವನ್ನು ಮುಚ್ಚಿದ್ದಾರೆ. ಬಿಸಿಲಿಗೆ ಸಿಪ್ಪೆಯೇಳುತ್ತಿರುವ ಬೋರ್ಡು ಇದೆ. ಕಟ್ಟಿಮನಿ ಮೇಡಂ ಗುರುತಿಗೆಂದು ಮತ್ತೆ ಹೊಂದಿಸಿಟ್ಟ ಕಲ್ಲುಗಳಿವೆ. ಅವುಗಳ ಬಾಜೂಕೆ, ಅಷ್ಟೂ ಬೂದಿಯ ನಡುವೆ, ಬೊಗಸೆಯಷ್ಟು ಕೆಂಪು ಮಣ್ಣು. ಆಷಾಢದ ಗಾಳಿಗೆ ಅದು ಪೂರ್ತಿ ಹಾರಿಹೋಗುತ್ತದೆ. ನಾಲ್ಕು ದಿನ ಬಿಟ್ಟು ನೋಡಿದರೆ ಮತ್ತೆ ಇರುತ್ತದೆ.